ಅಡುಗೆಮನೆಯ ಶಾಕ್, ಪಕ್ಕದ ಮನೆಯ ಮಗ್ಗ

ಅಮ್ಮ ಅಡುಗೆಮನೆಯಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು!

ಹೊಸ್ತಿಲ ಹತ್ತಿರ ಚಪ್ಪಲಿ ಕಂಡರೂ ಕೂಗಾಡುವ ಹೆಂಗಸು ಅವರು. ಕೇಳಿದರೆ, "ಗ್ರೈಂಡರು ಕೈಗೆ ಜುಮ್ ಅನ್ನುತ್ತೆ ಕಣೇ, ಚಪ್ಪಲಿ ಇದ್ರೆ ಅಷ್ಟಾಗಿ ತಿಳಿಯಲ್ಲ" ಅಂದರು.

ಒದ್ದೆ ಕೈ, ಒದ್ದೆ ನೆಲ, ಅಮ್ಮನ ವಯಸ್ಸು. "ಮಿಕ್ಸಿಯಲ್ಲಿ ರುಬ್ಬು" ಅಂದೆ. ಗ್ರೈಂಡರಿನ ತವರು ಕೊಯಮತ್ತೂರು, ಅಲ್ಲಿ ಹುಟ್ಟಿದವರು ಮಿಕ್ಸಿ ಹಿಟ್ಟಿನ ದೋಸೆ ತಿನ್ನುತ್ತಾರೆಯೇ? (ಅಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇದನ್ನು ಬರೆಯಲು ನನಗೆ ಇಷ್ಟು ಧೈರ್ಯ.)

ತಪ್ಪು ಎಲೆಕ್ಟ್ರಿಷಿಯನ್ ಮುರುಗೇಶನದು. ಹೋದ ವಾರ ಬಂದು ಗೋಡೆಯ ಪ್ಲಗ್ ಬಿಚ್ಚಿದ, ಅರ್ಧಂಬರ್ಧ ಜೋಡಿಸಿದ, "ಅರ್ತ್ ವೈರ್ ತರ್ತೀನಿ" ಅಂತ ಹೋದ. ಹೋದವನು ಹೋದ! ಫೋನ್ ಮಾಡಿದಾಗಲೆಲ್ಲ ತಮಿಳಿನಲ್ಲಿ ಒಂದೇ ಮಾತು: "ಇದೋ ವಂದುಟ್ಟೇನುಂಗ ಅಕ್ಕಾ." ಬಂದೇಬಿಟ್ಟೆ ಅಂತೆ.

ಇದೇ ಮುರುಗೇಶ ಒಂದು ಕಾಲದಲ್ಲಿ ಊಟದ ಎಲೆ ಬಿಟ್ಟು ಓಡಿ ಬರುತ್ತಿದ್ದ. ಆಗ ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ಈ ಮನೆಯ ಹಿಂದೆಯೇ ನಮ್ಮ ಪವರ್‌ಲೂಮ್ ಶೆಡ್ಡು. ಮಗ್ಗಕ್ಕೆ ನಮ್ಮಲ್ಲಿ ತರಿ ಅಂತಾರೆ. ಆ ಟಕಟಕದಲ್ಲೇ ನಾವು ಓದಿದ್ದು, ಜಗಳ ಆಡಿದ್ದು, ನಿದ್ದೆ ಮಾಡಿದ್ದು. ಸದ್ದಿಗೆ ಯಾರೂ ಏಳುತ್ತಿರಲಿಲ್ಲ. ಸದ್ದು ನಿಂತರೆ ಮಾತ್ರ ಮನೆಯವರೆಲ್ಲ ಎದ್ದು ಕೂರುತ್ತಿದ್ದೆವು. "ತರಿ ನಿಂತ್ಹೋಯ್ತು" ಅಂತ ಅಪ್ಪ ಒಂದು ಮಾತು ಹೇಳಿ ಕಳಿಸಿದರೆ ಸಾಕು, ಮುರುಗೇಶ ಹಾಜರ್. ಅವನು ಮೋಟಾರು ಬಿಚ್ಚುತ್ತಿದ್ದ, ಅಮ್ಮ ಕಾಫಿ ಹಿಡಿದು ನಿಂತಿರುತ್ತಿದ್ದರು. ಎಷ್ಟು ಚೆನ್ನಾಗಿತ್ತು ಆ ಗದ್ದಲ!

ಅಪ್ಪ ಹೋದಮೇಲೆ ಮಗ್ಗಗಳನ್ನೂ ಕೊಟ್ಟುಬಿಟ್ಟೆವು. ಈಗ ಶೆಡ್ಡಿನಲ್ಲಿ ಬಟ್ಟೆ ಒಣಗುತ್ತವೆ. ಮಗ್ಗ ಇಲ್ಲದ ಮನೆಗೆ ಮುರುಗೇಶ ಯಾಕೆ ಓಡಿ ಬಂದಾನು?

ಮೊನ್ನೆ ಬೆಳಿಗ್ಗೆ ಮತ್ತೆ ಫೋನ್ ಮಾಡಿದೆ. "ದಾರಿಯಲ್ಲಿದ್ದೀನಿ ಅಕ್ಕಾ" ಅಂದ. ಅವನ ಮಾತಿನ ಹಿಂದೆ ಮಗ್ಗದ ಸದ್ದು. ಅದೇ ಸದ್ದು ನಮ್ಮ ಕಾಂಪೌಂಡಿನಾಚೆಯಿಂದಲೂ! ಇಣುಕಿದರೆ, ಮಹಾಶಯ ಪಕ್ಕದ ಮನೆಯ ರಂಗಮ್ಮತ್ತೆಯ ಶೆಡ್ಡಿನಲ್ಲಿ, ಕೆಟ್ಟ ಮಗ್ಗದ ಮುಂದೆ ಕೂತಿದ್ದಾನೆ.

ಗೋಡೆಯ ಮೇಲಿಂದಲೇ ಅತ್ತೆಗೆ ಎಲ್ಲ ಹೇಳಿದೆ. ಕೋಪಕ್ಕಿಂತ ಅಳುವೇ ಮುಂದೆ ಬಂತು.

ಅತ್ತೆ ಸೀದಾ ಒಳಗೆ ಹೋದರು. ಮೇನ್ ಸ್ವಿಚ್ ಇಳಿಸಿದರು. ಓಡುತ್ತಿದ್ದ ಮಗ್ಗಗಳೂ ಗಪ್‌ಚಿಪ್.

"ಇವಳ ಅಮ್ಮನ ಕೈಗೆ ಶಾಕ್ ಹೊಡೀತೈತೆ, ನೀನು ಇಲ್ಲಿ ಕೂತಿದ್ದೀಯಾ? ಆ ಅಡುಗೆಮನೆ ಸರಿಯಾಗೋ ಮಟ್ಟ ಇಲ್ಲಿ ಒಂದು ತರೀನೂ ಓಡಲ್ಲ, ನಡಿ, ಪೋ!"

ಮುರುಗೇಶ ಓಡಿ ಬಂದ. ಅರ್ತ್ ವೈರ್ ಅವನ ಚೀಲದಲ್ಲೇ ಇತ್ತು!

ಅವನು ಜೋಡಿಸುವಷ್ಟು ಹೊತ್ತೂ ಬೀದಿಯ ನಮ್ಮ ತುದಿಯಲ್ಲಿ ಸದ್ದಿಲ್ಲ. ಅಮ್ಮನಿಗೆ ತಡೆಯಲಾಗಲಿಲ್ಲ. "ಸೀಕ್ರಂ ಮುಗಿಸು ಸಾಮಿ, ಪಾಪ, ಅವರ ತರಿ ನಿಂತೈತೆ" ಅಂತ ಅವನ ಬೆನ್ನ ಹಿಂದೆಯೇ ಚಡಪಡಿಸಿದರು. ಶಾಕ್ ತಿಂದವರು ಇವರು, ಚಿಂತೆ ಪಕ್ಕದ ಮನೆಯದು. ನನಗೆ ನಗು ಬಂತು, ಕಣ್ಣೂ ತುಂಬಿತು.

ಅಮ್ಮ ಈಗ ಹೆದರಿಕೆಯಿಲ್ಲದೆ ರುಬ್ಬುತ್ತಿದ್ದಾರೆ. ನಿಮ್ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ, ತಮ್ಮ ಮಗ್ಗ ನಿಲ್ಲಿಸುವವರು ನಿಮ್ಮ ಗೋಡೆಯಾಚೆ ಯಾರಿದ್ದಾರೆ, ಹೇಳಿ?