ಯಜಮಾನರ ಮಧ್ಯಾಹ್ನದ ನಿದ್ದೆ

ಬೀದಿಯವರೆಲ್ಲ ಅವಳನ್ನು ಹಾಸಿಗೆ ಅಕ್ಕ ಎಂದೇ ಕರೆಯುತ್ತಿದ್ದರು. ಒಡಹುಟ್ಟಿದ ತಮ್ಮನ ಬಾಯಲ್ಲೂ ಅದೇ ಹೆಸರು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅದರಾಚೆ ಕಲ್ಲು ಹಾಸಿದ ಅಂಗಳ, ಇಷ್ಟೇ ಅವಳ ಜಗತ್ತು. ಅಪ್ಪನಿಂದ ಕಲಿತ ಕೆಲಸ. ಹತ್ತಿ ಹಿಂಜುವುದು, ಪಟ್ಟೆ ಬಟ್ಟೆಯ ದೊಡ್ಡ ಚೀಲಕ್ಕೆ ತುಂಬುವುದು, ಕೋಲಿನಿಂದ ಬಡಿದು ಸಮ ಮಾಡುವುದು, ಗೇಣುದ್ದದ ಸೂಜಿಯಿಂದ ಅಲ್ಲಲ್ಲಿ ಹೊಲಿದು ಬಿಗಿಯುವುದು. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ಯಾರೂ ನಿಲ್ಲಲಿಲ್ಲ, ಅವಳೂ ಯಾರನ್ನೂ ತಡೆಯಲಿಲ್ಲ. ಕೂದಲಿಗೆ ಸದಾ ಹತ್ತಿಯ ಎಳೆ ಅಂಟಿಕೊಂಡೇ ಇರುತ್ತಿದ್ದುದರಿಂದ ಅವಳ ತಲೆ ಯಾವಾಗ ನರೆಯಿತೆಂಬುದು ಯಾರ ಗಮನಕ್ಕೂ ಬರಲಿಲ್ಲ.

ಮುದಿ ನಾಯಿಗಳ ಸಹವಾಸ ಅವಳು ಹುಡುಕಿಕೊಂಡು ಹೋದದ್ದಲ್ಲ. ಒಂದು ಚಳಿಗಾಲದಲ್ಲಿ ಹಲ್ಲೆಲ್ಲ ಉದುರಿದ ಹೆಣ್ಣು ನಾಯಿಯೊಂದು ಅಂಗಳದ ಮೂಲೆಯ ಹಳೇ ಹತ್ತಿಯ ರಾಶಿಯಲ್ಲಿ ಹೊಕ್ಕು ಮಲಗಿತ್ತು. ಓಡಿಸಲೆಂದು ಕೋಲು ಹಿಡಿದು ಹೋದವಳು ಅದರ ಕಣ್ಣು ನೋಡಿ ಕೋಲನ್ನು ಗೋಡೆಗೆ ಒರಗಿಸಿ, ಅನ್ನ ಕಿವುಚಿ ತಂದಿಟ್ಟಳು. ವಾರದೊಳಗೆ ಅದು ಅದೇ ಹತ್ತಿಯ ಮೇಲೆ ಪ್ರಾಣ ಬಿಟ್ಟಿತು. ಸುದ್ದಿ ಹೇಗೆ ಹಬ್ಬಿತೋ ಏನೋ, ಆಮೇಲೆ ಜನ ತಮಗೆ ಬೇಡವಾದ ಮುದಿ ನಾಯಿಗಳನ್ನು ಅವಳ ಬಾಗಿಲಿಗೆ ತರತೊಡಗಿದರು. ಕೆಲವರು ಅಳುತ್ತಾ ತಂದರು. ಹೆಚ್ಚಿನವರು ಬೆಳಕು ಹರಿಯುವ ಮುಂಚೆ ಅಂಗಡಿಯ ಶಟರಿಗೆ ಕಟ್ಟಿ, ಹಿಂತಿರುಗಿ ನೋಡದೆ ಹೋದರು.

ಬಂದವುಗಳಿಗೆಲ್ಲ ಅವಳು ಹಾಸಿಗೆ ಹೊಲಿದಳು. ಮೆತ್ತನೆಯ ಹಾಸಿಗೆಯಲ್ಲಿ ಸೊಂಟ ಬಿದ್ದ ನಾಯಿ ಹೂತುಹೋಗಿ ಏಳಲಾರದು, ಅದಕ್ಕೇ ಬಿಗಿಯಾಗಿ ತುಂಬಿದ ಹಾಸಿಗೆ. ಉಚ್ಚೆ ಇಳಿಯದಂತೆ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ಒಗೆಯಲು ಬರುವ ಹೊದಿಕೆ. ಒಂದೇ ಮಗ್ಗುಲಲ್ಲಿ ಮಲಗಿ ಮೊಣಕೈ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದಳು. ಸಾಯುವ ಹೊತ್ತಿನಲ್ಲಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. "ಮನುಷ್ಯರಿಗೂ ಈ ಭಾಗ್ಯ ಇಲ್ಲ ಕಣೇ, ನನಗೂ ಒಂದು ಜಾಗ ಕಾದಿರಿಸು" ಎಂದು ಗೂಡ್ಸ್ ಆಟೋ ಓಡಿಸುವ ತಮ್ಮ ತಮಾಷೆ ಮಾಡುತ್ತಿದ್ದ. ಸತ್ತ ನಾಯಿಗಳನ್ನು ಕಾಲುವೆಯ ಆಚೆಯ ಬಯಲಿಗೆ ಒಯ್ದು ಹೂಳುತ್ತಿದ್ದವನೂ ಅವನೇ.

ಯಜಮಾನರು ಬಂದದ್ದೂ ಹಾಗೆಯೇ, ಒಂದು ಮುಂಜಾನೆ, ಶಟರಿಗೆ ಕಟ್ಟಿಸಿಕೊಂಡು. ಎತ್ತರದ ಕರಿ ನಾಯಿ. ಮೂತಿ ಪೂರಾ ಬಿಳಿ. ಪಕ್ಕದಲ್ಲಿ ತಿಕ್ಕಿ ತೊಳೆದ ಸ್ಟೀಲ್ ಬಟ್ಟಲು, ಮಡಿಸಿಟ್ಟ ಕಂಬಳಿ. ಅದು ಬೊಗಳಲಿಲ್ಲ, ಕುಂಯ್ ಎನ್ನಲಿಲ್ಲ. ಬೀದಿಯ ತಿರುವನ್ನೇ ನೋಡುತ್ತಾ ಗಂಭೀರವಾಗಿ ಕೂತಿತ್ತು, ಕಚೇರಿಗೆ ಯಾರೋ ತಡವಾಗಿ ಬರುತ್ತಿದ್ದಾರೆಂಬಂತೆ.

"ಅಂತೂ ನಿನ್ನ ಮನೆಗೂ ಒಬ್ಬ ಯಜಮಾನ ಬಂದ ಬಿಡಕ್ಕಾ" ಎಂದ ತಮ್ಮ.

"ಬಾಯ್ಮುಚ್ಚು, ಹಿಂದಿನ ಕಾಲು ಹಿಡ್ಕೋ" ಎಂದಳು ಅಕ್ಕ. ಹೆಸರು ಮಾತ್ರ ಅಂಟಿಕೊಂಡಿತು.

ಪ್ರಾಣಿ ಡಾಕ್ಟರು ಬಂದು ಮುಟ್ಟಿ ನೋಡಿ, ಮೂತ್ರಪಿಂಡ ಸೋತಿದೆ, ವಯಸ್ಸಾಗಿದೆ, ನೋವಾಗದ ಹಾಗೆ ನೋಡಿಕೊಳ್ಳಿ ಎಂದರು. ಯಜಮಾನರು ಕೊಟ್ಟದ್ದನ್ನು ತಿಂದರು, ಹಾಕಿದಲ್ಲಿ ಮಲಗಿದರು. ಆದರೆ ಅಕ್ಕನ ಕೈ ಒಂದು ಸಲವೂ ನೆಕ್ಕಲಿಲ್ಲ. ಬಾಡಿಗೆ ಮನೆಯಲ್ಲಿರುವವರ ಹಾಗೆ ಇದ್ದರು.

ಅವರ ನಿದ್ದೆ ವಿಚಿತ್ರವಾಗಿತ್ತು. ಕನಸಿನಲ್ಲಿ ಕಾಲು ಒದೆಯುವ ನಾಯಿಗಳನ್ನು ಅಕ್ಕ ಎಷ್ಟೋ ನೋಡಿದ್ದಳು. ಅವು ಓಡುತ್ತವೆ, ಕಾಲು ಪಟಪಟ ಬಡಿಯುತ್ತವೆ. ಯಜಮಾನರು ಓಡುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಬೀದಿ ತಣ್ಣಗಾಗುವ ಹೊತ್ತಿಗೆ ಕಣ್ಣು ಮುಚ್ಚಿ, ಮಗ್ಗುಲಾಗಿ ಮಲಗಿದಲ್ಲೇ, ನಿಧಾನವಾಗಿ ನಡೆಯುತ್ತಿದ್ದರು. ಒಂದು ಕಾಲು, ಇನ್ನೊಂದು ಕಾಲು. ನಿಲ್ಲುತ್ತಿದ್ದರು. ಮೂಗು ಅರಳಿಸಿ ಏನನ್ನೋ ಮೂಸುತ್ತಿದ್ದರು. ಮತ್ತೆ ನಡೆಯುತ್ತಿದ್ದರು. ಕೊನೆಗೆ ಮುಂಗಾಲೊಂದನ್ನು ಎತ್ತಿ ಗಾಳಿಯಲ್ಲಿ ಕೆರೆಯುತ್ತಿದ್ದರು, ಎದುರಿಗೆ ಏನೋ ಅಡ್ಡ ಇದ್ದಂತೆ.

ಒಮ್ಮೆ ಅವರು ಎದ್ದ ಮೇಲೆ ಪಾದ ಒರೆಸಲು ಹೋದ ಅಕ್ಕನ ಕೈಗೆ ತೇವ ತಗುಲಿತು. ನಾಲ್ಕೂ ಪಾದ ಒದ್ದೆ. ಹಾಸಿಗೆ ಒಣಗಿತ್ತು, ನೆಲವೂ ಒಣಗಿತ್ತು. ಪಾದವನ್ನು ಮೂಗಿನ ಹತ್ತಿರ ತಂದಳು. ನಿಂಬೆಯ ಪರಿಮಳದ ಫಿನಾಯಿಲ್ ವಾಸನೆ. ಅವಳ ಮನೆಯಲ್ಲಿ ಬ್ಲೀಚಿಂಗ್ ಪುಡಿ ಬಿಟ್ಟು ಬೇರೇನೂ ಇರಲಿಲ್ಲ. ತಮ್ಮನಿಗೆ ಹೇಳಿದರೆ ನಗುತ್ತಾನೆಂದು ಹೇಳಲಿಲ್ಲ. ಸಂಜೆಯವರೆಗೂ ತನ್ನ ಬೆರಳನ್ನು ಆಗಾಗ ಮೂಸಿಕೊಂಡಳು.

ಮಳೆ ಶುರುವಾಗುವ ಹೊತ್ತಿಗೆ ಯಜಮಾನರ ಎಡಗಡೆಯ ಹಿಂಗಾಲು ಸತ್ತಂತಾಯಿತು. ಎದ್ದು ನಡೆದರೆ ಅದು ನೆಲದ ಮೇಲೆ ಸರ್ರನೆ ಎಳೆದುಕೊಂಡು ಬರುತ್ತಿತ್ತು. ಉಗುರು ಸವೆಯದಿರಲೆಂದು ಅಕ್ಕ ಅದಕ್ಕೊಂದು ಬಟ್ಟೆಯ ಚೀಲ ಹೊಲಿದು ಕಟ್ಟಿದಳು.

ಅದಾದ ಕೆಲವೇ ದಿನಗಳಲ್ಲಿ ಒಬ್ಬ ಹೆಂಗಸು ಅಂಗಡಿಗೆ ಬಂದಳು. ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯವರ ಹೆಂಡತಿ. ದಿಂಬು ಬೇಕು ಎಂದಳು. ಎಂಥದ್ದು ಎಂದು ಕೇಳಿದರೆ ಯಾವುದಾದರೂ ಸರಿ ಎಂದಳು. ದಿಂಬನ್ನು ಕೈಯಲ್ಲಿ ಹಿಡಿದು ಹಿಸುಕುತ್ತಾ ನಿಂತವಳು, ಕೊನೆಗೆ ಕೇಳಿದಳು: "ಅಕ್ಕಾ, ಒಂದು ಕರಿ ನಾಯಿ ಬಂದಿತ್ತಲ್ಲ ಇಲ್ಲಿಗೆ... ಅದು ಯಾವಾಗ ಹೋಯ್ತು?"

"ಎಲ್ಲಿಗೆ ಹೋಗೋದು?"

"ಅಂದ್ರೆ... ತೀರಿಕೊಂಡದ್ದು."

"ಅಯ್ಯೋ, ಬಿಡ್ತು ಅನ್ನಿ. ಒಳಗೆ ಮಲಗಿದೆ. ಈಗ ತಾನೇ ಗಂಜಿ ಕುಡೀತು."

ಹೆಂಗಸು ಬಾಗಿಲ ಸಂದಿಯಿಂದ ಒಳಗೆ ಇಣುಕಿ ನೋಡಿದಳು. ನೋಡಿದವಳೇ ಹತ್ತಿಯ ಮೂಟೆಯ ಮೇಲೆ ಕುಸಿದು ಕೂತಳು.

"ಹಾಗಾದ್ರೆ ನಮ್ಮನೇಲಿ ಓಡಾಡ್ತಿರೋದು ಯಾರು?"

ಅಕ್ಕ ನೀರು ಕೊಟ್ಟಳು. ಹೆಂಗಸು ತಡವರಿಸುತ್ತಾ ಹೇಳಿದಳು. ನಾಯಿ ಮುದಿಯಾದ ಮೇಲೆ ಮನೆಯೊಳಗೆ ಉಚ್ಚೆ ಹೊಯ್ಯುತ್ತಿತ್ತಂತೆ. ಗಂಡ ಮಲಗುವ ಕೋಣೆಯ ಬಾಗಿಲು ಹಾಕಿದರೆ ಹೊರಗೆ ನಿಂತು ಕೆರೆಯುತ್ತಿತ್ತಂತೆ. ಒಂದು ದಿನ ಅವಳು ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ನಾಯಿ ಇರಲಿಲ್ಲ. ಒಳ್ಳೇ ಜಾಗಕ್ಕೆ ಕೊಟ್ಟು ಬಂದೆ ಎಂದಷ್ಟೇ ಗಂಡ ಹೇಳಿದರಂತೆ. ಆ ವಾರವೇ ಶುರುವಾಯಿತು. ಮಧ್ಯಾಹ್ನ ನೆಲ ಒರೆಸಿ ಕೂತರೆ ಅಡುಗೆಮನೆಯ ಕಡೆಯಿಂದ ಉಗುರಿನ ಸದ್ದು.

"ಸತ್ತು ಹೋಗಿದೆ, ಅದಕ್ಕೇ ಬಂದಿದೆ ಅಂದ್ಕೊಂಡೆ. ನಮ್ಮವರ ಬೆನ್ನು ಬಿದ್ದು ಕೇಳಿದ ಮೇಲೆ ನಿಮ್ಮ ಅಂಗಡಿ ಅಂತ ಬಾಯಿಬಿಟ್ರು." ದನಿ ತಗ್ಗಿಸಿದಳು. "ಇನ್ನೊಂದು ಇದೆ ಅಕ್ಕಾ. ನಮ್ಮ ಹತ್ರ ಇದ್ದಾಗ ಅದು ಚೆನ್ನಾಗೇ ನಡೀತಿತ್ತು. ಈಗ ಒಂದು ಕಾಲು ಎಳೀತಾ ಬರುತ್ತೆ. ಯಾಕೆ?"

ಬಾಗಿಲ ಸಂದಿಯಿಂದ ಆ ಹೆಂಗಸಿಗೆ ಕಂಡದ್ದು ನಾಯಿಯ ತಲೆ ಮಾತ್ರ, ಕಾಲು ಕಂಡಿರಲಿಲ್ಲ.

ಮರುದಿನ ಊಟ ಮುಗಿಸಿ, ತಮ್ಮನನ್ನು ಯಜಮಾನರ ಪಕ್ಕ ಕೂರಿಸಿ, ಅಕ್ಕ ಕನ್ನಡಕದವರ ಮನೆಗೆ ಹೋದಳು. ಮಹಡಿಯ ಮೇಲಿನ ಮನೆ, ಬೆಳ್ಳಗಿನ ಟೈಲ್ಸ್ ನೆಲ. ಮೆಟ್ಟಿಲು ಹತ್ತುವಾಗಲೇ ನಿಂಬೆಯ ವಾಸನೆ ಮೂಗಿಗೆ ಬಡಿಯಿತು. ಕನ್ನಡಕದವರು ಊಟಕ್ಕೆ ಬಂದವರು ಕೋಣೆಯ ಬಾಗಿಲು ಹಾಕಿಕೊಂಡು ಟಿ.ವಿ. ಜೋರಾಗಿ ಹಚ್ಚಿದ್ದರು. ಹೆಂಡತಿ ಕದ ತಟ್ಟಿದರೆ, "ಪೈಪಿನ ಸದ್ದು ಅಂತ ಎಷ್ಟು ಸಲ ಹೇಳೋದು" ಎಂದು ಒಳಗಿನಿಂದಲೇ ಗದರಿದರು. ಬಾಗಿಲಿನ ಬುಡದಲ್ಲಿ ಮರ ಕಿತ್ತುಹೋಗಿತ್ತು. ಹಳೆಯ ಗೀರುಗಳ ನಡುವೆ ಕೆಲವು ಹಸಿಯಾಗಿದ್ದವು. ಮರದ ಹೊಟ್ಟು ನೆಲದ ಮೇಲೇ ಇತ್ತು.

ಹೆಂಗಸರಿಬ್ಬರೂ ನಡುಮನೆಯಲ್ಲಿ ಕೂತರು. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು.

ಟಿಕ್. ಟಿಕ್. ಟಿಕ್. ಸರ್ರ್.

ಅಡುಗೆಮನೆಯ ಹೊಸಿಲು ದಾಟಿ ಅದು ಬಂತು. ಏನೂ ಕಾಣಲಿಲ್ಲ. ಸದ್ದು ಮಾತ್ರ ಅವರ ಕಾಲ ಹತ್ತಿರವೇ ಹಾದು, ಬಿಸಿಲಿನ ಚೌಕದಲ್ಲಿ ಒಂದು ಗಳಿಗೆ ನಿಂತಿತು. ಮೂಸುವ ಉಸಿರು ಕೇಳಿಸಿತು. ಒರೆಸಿದ ತೇವ ಆರದ ಕಡೆ ಪಾದದ ಅಚ್ಚುಗಳು ಒಂದೊಂದಾಗಿ ಮೂಡಿದವು, ಪಕ್ಕದಲ್ಲಿ ಬಟ್ಟೆ ಎಳೆದಂಥ ಒಂದು ಗೆರೆ. ಅಕ್ಕ ತಮ್ಮನಿಗೆ ಫೋನ್ ಮಾಡಿದಳು.

"ಯಜಮಾನರು ಏನ್ ಮಾಡ್ತಿದಾರೋ?"

"ನಿದ್ದೆ. ಕಾಲು ಆಡಿಸ್ತಾ ಇದಾರೆ. ಯಾಕೆ?"

"ಎಬ್ಬಿಸು."

"ಪಾಪ, ಮಲಗಿರೋರನ್ನ..."

"ಎಬ್ಬಿಸೋ ಅಂದ್ರೆ!"

ಫೋನಿನಲ್ಲಿ ತಮ್ಮ "ಯಜಮಾನ್ರೇ!" ಎಂದು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಬಾಗಿಲಿನ ಬುಡದಲ್ಲಿ ಕೆರೆಯತೊಡಗಿದ್ದ ಸದ್ದು ಅರ್ಧಕ್ಕೇ ನಿಂತುಹೋಯಿತು. ಒಳಗೆ ಟಿ.ವಿ. ಕೂಡ ಸುಮ್ಮನಾಯಿತು. ಕನ್ನಡಕದವರೂ ಕಿವಿಗೊಟ್ಟೇ ಕೂತಿದ್ದರು.

ಮನೆಗೆ ವಾಪಸು ನಡೆಯುವಾಗ ಅಕ್ಕನಿಗೆ ಹೆದರಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಉಚ್ಚೆ ಬಳಿದವಳು ತಾನು, ಮಗ್ಗುಲು ಬದಲಿಸಿದವಳು ತಾನು. ಇವರು ಮಾತ್ರ ದಿನಾ ಹೋಗುವುದು ಕಟ್ಟಿ ಹೋದವರ ಬಾಗಿಲಿಗೆ. ಯಜಮಾನರು ಎಚ್ಚರವಾಗಿಯೇ ಇದ್ದರು, ನಾಲಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದರು. "ಅಷ್ಟು ದೂರ ಯಾಕೆ ಹೋಗ್ತೀರಿ? ಕಾಲು ಬೇರೆ ಸರಿ ಇಲ್ಲ" ಎಂದು ಗದರಿ, ನೀರು ಕುಡಿಸಿದಳು. ಗದರಿದ್ದಕ್ಕೆ ಆಮೇಲೆ ತಾನೇ ಅತ್ತಳು.

ಕನ್ನಡಕದವರ ಹೆಂಡತಿಗೆ ಅವಳು ಹೇಳಿದ್ದು ಇಷ್ಟೇ: "ಅದು ಇನ್ನೆಷ್ಟು ದಿನವೋ. ಅದು ಬರೋ ಬದಲು ನೀವೇ ಬನ್ನಿ."

ಆಕೆ ಬಂದಳು. ಮೊದಲ ದಿನ ಯಜಮಾನರು ಅವಳ ಕೈಯನ್ನು ಬಹಳ ಹೊತ್ತು ಮೂಸಿದರು, ಓದಿದ ಕಾಗದವನ್ನೇ ಮತ್ತೆ ಓದುವವರ ಹಾಗೆ. ಬಾಲ ಅಲ್ಲಾಡಲಿಲ್ಲ. ಆಮೇಲೆ ಗದ್ದವನ್ನು ಅವಳ ಪಾದದ ಮೇಲಿಟ್ಟು ಕಣ್ಣು ಮುಚ್ಚಿದರು. ಆ ಮಧ್ಯಾಹ್ನ ಅವರ ಕಾಲು ಆಡಲಿಲ್ಲ. ಪಾದ ಒಣಗಿಯೇ ಇತ್ತು. ಅಂದಿನಿಂದ ಆಕೆ ದಿನಾ ಬಂದು ಕೂತಳು. ಮಗ್ಗುಲು ಬದಲಿಸುವುದನ್ನು ಕಲಿತಳು, ಚಮಚದಲ್ಲಿ ಗಂಜಿ ಹಾಕುವುದನ್ನು ಕಲಿತಳು. ಕನ್ನಡಕದವರು ಮಾತ್ರ ಬರಲಿಲ್ಲ. "ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತಾರೆ" ಎಂದಳು ಹೆಂಡತಿ.

ಯಜಮಾನರು ಒಂದು ಬೆಳಿಗ್ಗೆ, ಮಳೆ ಬಿಟ್ಟ ಹೊತ್ತಿನಲ್ಲಿ, ಹೋದರು. ತಲೆ ಕನ್ನಡಕದವರ ಹೆಂಡತಿಯ ತೊಡೆಯ ಮೇಲಿತ್ತು, ಬೆನ್ನ ಮೇಲೆ ಅಕ್ಕನ ಕೈ. ಕೊನೆಯ ಉಸಿರಿಗೆ ಮುಂಚೆ ಕತ್ತು ತಿರುಗಿಸಿ ಅಕ್ಕನ ಬೆರಳನ್ನು ಒಂದೇ ಒಂದು ಸಲ ನೆಕ್ಕಿದರು. ತಮ್ಮ ಎಂದಿನ ತಮಾಷೆ ಮಾಡಲಿಲ್ಲ. ಗಾಡಿ ತಂದು, ಕಂಬಳಿ ಸುತ್ತಿ, ಬಯಲಿಗೆ ಒಯ್ದ.

ಅಲ್ಲಿಗೆ ಮುಗಿಯಿತು ಎಂದುಕೊಂಡಳು ಅಕ್ಕ.

ಬಿಸಿಲು ಮತ್ತೆ ಚುರುಕಾದಾಗ ಕನ್ನಡಕದವರೇ ಅಂಗಡಿಯ ಮುಂದೆ ಬಂದು ನಿಂತರು. ದಪ್ಪ ಗಾಜಿನ ಹಿಂದೆ ಕಣ್ಣು ಗುಳಿಬಿದ್ದಿದ್ದವು. ಒಳಗೆ ಬನ್ನಿ ಎಂದರೂ ಹೊಸಿಲು ದಾಟಲಿಲ್ಲ.

"ನಮ್ಮವಳಿಗೇನೂ ಕೇಳಿಸಲ್ವಂತೆ. ನೆಮ್ಮದಿಯಾಗಿದಾಳೆ. ನನಗೆ ಮಾತ್ರ ಕೇಳಿಸುತ್ತೆ. ಈಗ ಮಧ್ಯಾಹ್ನ ಅಂತಲ್ಲ. ಅಂಗಡೀಲಿ ಕೂತಿದ್ರೂ ಬರುತ್ತೆ. ಗಿರಾಕಿ ಕಣ್ಣು ಪರೀಕ್ಷೆ ಮಾಡ್ತಿರ್ತೀನಿ, ಟಿಕ್ ಟಿಕ್ ಅಂತ ಬಂದು ಕುರ್ಚಿ ಹಿಂದೆ ನಿಲ್ಲುತ್ತೆ. ಅದಕ್ಕೆ ಏನಾದ್ರೂ ಮಾಡ್ಬೇಕಾ? ನಿಮಗೆ ಗೊತ್ತಿರಬಹುದು ಅಂತ ಬಂದೆ."

"ನನಗೇನು ಗೊತ್ತು ಸ್ವಾಮಿ? ನಾನು ಹಾಸಿಗೆ ಹೊಲಿಯೋಳು" ಎಂದಳು ಅಕ್ಕ. ಅವರ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಆದರೆ ಆ ಮನುಷ್ಯ ಮಾತಿನ ನಡುವೆ ತನ್ನ ಎಡಗಾಲ ಪಕ್ಕಕ್ಕೆ ಪದೇ ಪದೇ ನೋಡುತ್ತಿದ್ದದ್ದು ಕಂಡು ಕೈಯ ಸೂಜಿ ಕೆಳಗಿಟ್ಟಳು. "ಒಳಗೆ ಒಬ್ಬಳು ದೊಡ್ಡಮ್ಮ ಇದಾಳೆ. ಎರಡೂ ಕಣ್ಣಿಲ್ಲ, ಎತ್ತೋಕೆ ನನ್ನ ಸೊಂಟ ಆಗಲ್ಲ, ತಮ್ಮ ಬಾಡಿಗೆಗೆ ಹೋಗಿದಾನೆ. ಸ್ವಲ್ಪ ಬಿಸಿಲಿಗೆ ಒಯ್ದು ಕೂರಿಸ್ತೀರಾ?"

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಆ ಕುರುಡು ನಾಯಿಯನ್ನು ಎತ್ತುವುದು ಬರದೆ ಎದೆಗೆ ಅವಚಿಕೊಂಡರು. ಅದು ಇಸ್ತ್ರಿ ಮಾಡಿದ ಅಂಗಿಯ ಮೇಲೆಲ್ಲ ಉಚ್ಚೆ ಹೊಯ್ದಿತು. ಅಕ್ಕ ಬಟ್ಟೆ ತರುವಷ್ಟರಲ್ಲಿ, "ಪರವಾಗಿಲ್ಲ, ಇರಲಿ" ಎಂದರು.

ಆಮೇಲೆ ಅವರು ಕನ್ನಡಕದ ಅಂಗಡಿಗೆ ಬಾಗಿಲು ಹಾಕಿದ ದಿನಗಳಲ್ಲಿ ಬರತೊಡಗಿದರು. ಗಂಡ ಹೆಂಡತಿ ಒಟ್ಟಿಗೆ ಬಂದದ್ದೂ ಉಂಟು. ಚಳಿ ಬೀಳುವ ಹೊತ್ತಿಗೆ ಒಂದು ದಿನ, ದೊಡ್ಡಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಳದಲ್ಲಿ ಕೂತಿದ್ದ ಅವರನ್ನು ಅಕ್ಕ ಕೇಳಿಯೇಬಿಟ್ಟಳು: "ಈಗಲೂ ಬರುತ್ತಾ?"

"ಬರುತ್ತೆ" ಎಂದರು ಅವರು. "ಕೋಣೆ ಬಾಗಿಲು ತೆಗೆದೇ ಇಡ್ತೀನಿ. ಒಳಗೆ ಬಂದು ಮಂಚದ ಪಕ್ಕ ಮಲಗುತ್ತೆ. ಉಸಿರು ಕೇಳಿಸ್ತಾ ಇರುತ್ತೆ."

"ಭಯ ಆಗಲ್ವಾ?"

"ಆಗುತ್ತೆ. ಆದ್ರೆ ಹೋಗು ಅಂತ ಇನ್ನೊಂದು ಸಲ ಹೇಳೋಕೆ ನಾಲಗೆ ಏಳಲ್ಲ."

ಅಷ್ಟರಲ್ಲಿ ದೊಡ್ಡಮ್ಮ ತಲೆಯೆತ್ತಿ, ಕಾಣದ ಕಣ್ಣುಗಳನ್ನು ಅವರ ಪಕ್ಕದ ಖಾಲಿ ಕಲ್ಲಿನ ಕಡೆ ತಿರುಗಿಸಿ, ಪರಿಚಯದವರನ್ನು ಕಂಡಂತೆ ಮೆಲ್ಲಗೆ ಬಾಲ ಬಡಿಯಿತು.

"ಬಿಸಿಲು ಸರೀತಾ ಇದೆ, ಆ ಕಡೆ ಕೂತ್ಕೊಳ್ಳಿ" ಎಂದಳು ಅಕ್ಕ. ಅವರು ನಾಯಿಯನ್ನು ಅವಚಿಕೊಂಡು, ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ಸರಿದು ಕೂತರು.