ಅಕ್ಕನ ಅಟ್ಟ, ಭಾವನ ಬೆರಳು

ನಮ್ಮ ಭಾವ ಮೂವತ್ತೊಂದು ವರ್ಷ ಆಹಾರ ಪರೀಕ್ಷಕರಾಗಿದ್ದರು. ಹೆಸರಿಗೆ ಪರೀಕ್ಷಕರು, ಪರೀಕ್ಷೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದರು. ಮಾರುಕಟ್ಟೆಯಲ್ಲಿ ಹಾಲಿನ ಕ್ಯಾನಿನೊಳಗೆ ಇಣುಕಿ, ಮೂಗು ಮುರಿದು, "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ಅಲ್ಲೇ ಮೋರಿಗೆ ಸುರಿಸುವರು. ನಿಯಮವಿದೆಯಲ್ಲ, ಒಂದು ಸೀಸೆಯಷ್ಟು ಪ್ರಯೋಗಾಲಯಕ್ಕೂ ಹೋಗುತ್ತಿತ್ತು. ವರದಿ ಬರಲು ಹದಿನೈದು ದಿನ. ಅಷ್ಟರಲ್ಲಿ ಹಾಲು ಸಮುದ್ರ ಸೇರಿ, ಭಾವನಿಗೆ ಕಟ್ಟುನಿಟ್ಟಿನ ಅಧಿಕಾರಿ ಎಂಬ ಹೆಸರು ಬಂದಿರುತ್ತಿತ್ತು.

ಒಮ್ಮೆ ಒಬ್ಬ ಹಾಲಿನವಳ ನಾಲ್ಕು ಕ್ಯಾನ್ ಹೀಗೇ ಮೋರಿ ಪಾಲಾದವು. ವರದಿ ಬಂತು: ಶುದ್ಧ ಹಾಲು. ಭಾವ ಅದನ್ನು ನಾಲ್ಕು ಮಡಿಕೆ ಮಾಡಿ ಮನೆಗೆ ತಂದು ಡ್ರಾಯರಿಗೆ ತಳ್ಳಿದರು. ಗಿರಾಕಿಗಳು ಅಷ್ಟು ಹೊತ್ತಿಗೆ ಬೇರೆ ಕಡೆ ಹೋಗಿ, ಅವಳ ಅಂಗಡಿಗೆ ಬೀಗ ಬಿದ್ದಿತ್ತು. ಇದನ್ನು ಅಕ್ಕ ನನಗೆ ಒಂದೇ ಸಲ ಹೇಳಿದ್ದಾಳೆ, ಅದೂ ದನಿ ತಗ್ಗಿಸಿ.

ನಿವೃತ್ತಿಯಾದ ಮೇಲೆ ಸುರಿಯಲು ಊರು ಸಿಗಲಿಲ್ಲ, ಮನೆ ಸಿಕ್ಕಿತು. ಕಡ್ಡಿ ಬಗ್ಗಿದ ಕೊಡೆ, ಮುಚ್ಚಳ ಸಡಿಲಾದ ಡಬ್ಬಿ, ಕೊನೆಗೆ ನನ್ನ ಚಪ್ಪಲಿ, ಎಲ್ಲ ಕಸದ ಬುಟ್ಟಿಗೆ. ಅಕ್ಕ ಜಗಳವಾಡುವವಳಲ್ಲ. ಬುಟ್ಟಿಗೆ ಬಿದ್ದದ್ದನ್ನು ಎತ್ತಿ, ತಾರೀಕು ಬರೆದ ಚೀಟಿ ಅಂಟಿಸಿ ಅಟ್ಟಕ್ಕೆ ಏರಿಸುವಳು. ಒಂದು ತಿಂಗಳು ಯಾರೂ ಕೇಳದಿದ್ದರೆ ಮಾತ್ರ ನಿಜವಾಗಿ ಹೊರಗೆ. ನನ್ನ ಚಪ್ಪಲಿ ಮೂರನೇ ದಿನಕ್ಕೆ ಬಿಡುಗಡೆಯಾಯಿತು.

ಮುಂದಿನ ಕೋಣೆಯಲ್ಲಿ ಅಕ್ಕನ ಕಸೂತಿ ಯಂತ್ರ, ಅದನ್ನು ನಡೆಸುವ ಕಂಪ್ಯೂಟರ್. ಯಂತ್ರಕ್ಕೆ ವಿನ್ಯಾಸ ಕಳಿಸುವ ಪ್ರೋಗ್ರಾಮನ್ನು ಒಬ್ಬ ಮುದುಕ ಮೆಕ್ಯಾನಿಕ್ ಸ್ವಂತ ಕೈಯಿಂದ ಬರೆದುಕೊಟ್ಟಿದ್ದ. ಅವನು ತೀರಿಹೋಗಿದ್ದಾನೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅದು ಹೋದರೆ ಯಂತ್ರ ಬರೀ ಕಬ್ಬಿಣ, ಅಕ್ಕನ ಹನ್ನೆರಡು ವರ್ಷದ ಕಸುಬೂ ಅಷ್ಟೇ.

ಮಂಗಳವಾರ ಬೆಳಿಗ್ಗೆ ನಾನು ಆಸ್ಪತ್ರೆಯ ದಾದಿಯರ ಬ್ಯಾಡ್ಜುಗಳ ನೂಲು ಕತ್ತರಿಸುತ್ತಿದ್ದೆ. ಶನಿವಾರಕ್ಕೆ ನಾನೂರು ಕೊಡಬೇಕಿತ್ತು. ಅಕ್ಕ ಒಳಗಿದ್ದಳು. ಕಂಪ್ಯೂಟರಿನಲ್ಲಿ ಪತ್ರಿಕೆ ಓದುತ್ತಿದ್ದ ಭಾವ ಇದ್ದಕ್ಕಿದ್ದಂತೆ ಎದ್ದು ನಿಂತರು.

"ವೈರಸ್ಸು! ಎರಡು ಸಿಕ್ಕಿವೆ! ಎರಡನ್ನೂ ಅಳಿಸಿಬಿಟ್ಟೆ!"

ಪರದೆಯ ಮೇಲೆ ಆ್ಯಂಟಿವೈರಸ್ ಕೊಟ್ಟಿದ್ದ ಪಟ್ಟಿ ನೋಡಿ ನನ್ನ ಜೀವ ಹಾರಿತು. ಮೊದಲನೆಯ ಹೆಸರೇ ಮೆಕ್ಯಾನಿಕ್‌ನ ಪ್ರೋಗ್ರಾಮು. ಎರಡನೆಯದು ಭಾವ ಹಿಂದಿನ ದಿನವಷ್ಟೇ ನೆಟ್ಟಿನಿಂದ ಇಳಿಸಿಕೊಂಡಿದ್ದ 'ನೂರು ವರ್ಷ ಬಾಳುವ ಗುಟ್ಟು'. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ಅಳುವೇ ಬಂತು.

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು. ಮೊದಲು ನೆಟ್ಟಿನ ವಯರು ಕಿತ್ತಳು.

"ಹೆದರಬೇಡ್ವೋ. ಇವರು ಅಳಿಸು ಅಂತ ಒತ್ತಿದ್ರೂ ಅದು ಹೋಗೋದು ಕ್ವಾರಂಟೈನಿಗೆ, ಅಂದ್ರೆ ಕಂಪ್ಯೂಟರಿನೊಳಗಿನ ಬೀಗ ಹಾಕಿದ ಅಟ್ಟಕ್ಕೆ. ನಾನೇ ಹಾಗೆ ಸೆಟ್ ಮಾಡಿಟ್ಟಿದ್ದೀನಿ."

"ಯಾಕೆ?" ಎಂದರು ಭಾವ.

"ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತಲ್ಲ, ಅದಕ್ಕೆ."

"ಹಾಗಾದ್ರೆ ನಿನ್ನ ಪ್ರೋಗ್ರಾಮು ಒಳ್ಳೇದು ಅಂತ ಈಗಲೇ ವಾಪಸ್ ತಗೋ!"

"ಅದೂ ಇಲ್ಲ. ನಂದು ಅಂತ ಬಿಡೋ ಹಾಗಿಲ್ಲ, ನಿಮ್ಮದು ಅಂತ ಎಸೆಯೋ ಹಾಗೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ."

ಇಡೀ ಕಂಪ್ಯೂಟರನ್ನು ಜಾಲಾಡಿಸಿ, ಬೇರೇನೂ ಸಿಗದ ಮೇಲೆ ನೆಟ್ಟಿನ ವಯರು ಸಿಕ್ಕಿಸಿ, ಎರಡೂ ಫೈಲುಗಳನ್ನು ಕ್ವಾರಂಟೈನಿನಿಂದಲೇ ಆ್ಯಂಟಿವೈರಸ್ ಕಂಪನಿಯವರ ಪರೀಕ್ಷೆಗೆ ಕಳಿಸಿದಳು. ಆಮೇಲೆ ಎರಡು ದಿನ ಯಂತ್ರ ಮುಸುಕು ಹೊದ್ದು ಕುಳಿತಿತ್ತು. ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು. ನಾನು ಉಗುರು ಕಚ್ಚಿದೆ. ಭಾವ "ಅಳಿಸಿದ್ರೆ ಮುಗೀತಿತ್ತು" ಎಂದು ಮನೆಯೆಲ್ಲ ಸುತ್ತಿದರು. ಹೌದು, ಮುಗಿದೇ ಹೋಗುತ್ತಿತ್ತು.

ಗುರುವಾರ ಮಧ್ಯಾಹ್ನ ಉತ್ತರ ಬಂತು. ಪ್ರೋಗ್ರಾಮು ಶುದ್ಧ, ಯಾರೂ ಕಂಡಿರದ ಫೈಲಾದ್ದರಿಂದ ಅನುಮಾನ ಬಂದಿತ್ತಂತೆ. ನೂರು ವರ್ಷ ಬಾಳುವ ಗುಟ್ಟು ಮಾತ್ರ ಅಪ್ಪಟ ವೈರಸ್. ಅಕ್ಕ ಮೊದಲನೆಯದನ್ನು ವಾಪಸ್ ತಂದು, ಬೇರೆ ಎರಡು ಕಡೆ ನಕಲು ಇಟ್ಟಳು.

"ಈಗ ಒತ್ತಿ," ಎಂದು ಎರಡನೆಯದನ್ನು ಗಂಡನಿಗೆ ತೋರಿಸಿದಳು. "ವರದಿ ಬಂದಿದೆ."

ಭಾವ ಒತ್ತಲಿಲ್ಲ. "ವರದಿ ಬಂದ ಮೇಲೆ..." ಎಂದು ಗೊಣಗಿ ಒಳಗೆ ಹೋದರು. ಡ್ರಾಯರ್ ಎಳೆದ ಸದ್ದಾಯಿತು. ನಾಲ್ಕು ಮಡಿಕೆಯ ಹಳದಿ ಕಾಗದ ತಂದು ಯಂತ್ರದ ಮೇಲಿಟ್ಟರು.

"ಬೆಳ್ಳಗಿದ್ದದ್ದು ಹಾಲೇ ಆಗಿತ್ತು ಕಣೇ."

"ಗೊತ್ತು."

"ಆವತ್ತು ನಿನ್ನ ಅಟ್ಟದಂಥದ್ದು ನನಗೂ ಒಂದು ಇರಬೇಕಿತ್ತು."

ಇಷ್ಟು ವರ್ಷ ಅವರನ್ನು ಆಡಿಕೊಂಡವನು ನಾನು. ಆ ಕ್ಷಣ ಅವರ ಮುಖ ನೋಡಲಾಗಲಿಲ್ಲ. ಅಕ್ಕ ಕಾಗದಕ್ಕೆ ಚೀಟಿ ಅಂಟಿಸಲಿಲ್ಲ. ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ, ಅವರ ಕೈಗೇ ಕೊಟ್ಟಳು.

"ಆ ಹಾಲಿನವಳು ಹಳೇ ಬಸ್ ನಿಲ್ದಾಣದ ಹಿಂದೆ ಮಗಳ ಮನೇಲಿದ್ದಾಳೆ. ಇದು ಅವಳ ವರದಿ. ಹೋಗಿ ಕೊಟ್ಟು ಬನ್ನಿ."

ಭಾವ ಹೊರಟರು. ಆತುರದಲ್ಲಿ ಮೆಟ್ಟಿಕೊಂಡದ್ದು ನನ್ನ ಚಪ್ಪಲಿ. ಹಿಂದೆ ತಾವೇ ಬುಟ್ಟಿಗೆ ಎಸೆದಿದ್ದದ್ದು.