ಪ್ರಿಂಟರಿನ ಬ್ಯಾಲೆನ್ಸ್ ಕೆಲಸ

ಕೊಟ್ಟಿಗೆಹಾರದಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಈಗ ಇನ್ವರ್ಟರ್, ಸಿಸಿ ಕ್ಯಾಮೆರಾಗಳ ಕೆಲಸ ಹೆಚ್ಚು. ಈ ಸಂಗತಿ ನಡೆದ ಕಾಲಕ್ಕೆ ರೇಡಿಯೊ, ಟಿವಿ, ಜೊತೆಗೊಂದು ಎಸ್‌ಟಿಡಿ ಬೂತ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಂಪ್ಯೂಟರನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಹತ್ತಿರದ ಎಸ್ಟೇಟ್ ಆಫೀಸಿನ ಹಳೇ ಯಂತ್ರವನ್ನು ಬಿಚ್ಚಿ ಜೋಡಿಸಿ, ರಟ್ಟು ಕಿತ್ತುಹೋದ ಒಂದು ಪುಸ್ತಕ ಓದಿ ಕಲಿತೆ. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅಂಗಡಿಯಲ್ಲಿಟ್ಟುಕೊಂಡಿದ್ದ ನನ್ನ ಹಳೇ ಕಂಪ್ಯೂಟರನ್ನು ಮೋಡೆಮ್ ಪೆಟ್ಟಿಗೆಯ ಮೂಲಕ ಬೂತಿನ ಫೋನ್ ಲೈನಿಗೇ ಸಿಕ್ಕಿಸಿ ಒಂದು ಗುಂಪು ಸೇರಿದ್ದೆ. ಎಲ್ಲರೂ ಬೇರೆ ಬೇರೆ ದೇಶದವರು, ಯಾರೂ ಯಾರ ಮುಖವನ್ನೂ ಕಂಡವರಲ್ಲ. ದೊಡ್ಡ ಯಂತ್ರಗಳಿಗೆಂದು ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಮುಗಳನ್ನು ನಮ್ಮಂಥವರ ಹಳೇ ಸಣ್ಣ ಯಂತ್ರಗಳಲ್ಲಿ ಓಡುವಂತೆ ತಿದ್ದುವುದು ಅಲ್ಲಿನ ಕೆಲಸ. ಪೋರ್ಟ್ ಮಾಡುವುದು ಎನ್ನುತ್ತಿದ್ದರು. ತಿದ್ದಿದ್ದನ್ನು ಗುಂಪಿನ ಕಪಾಟಿಗೆ ಹಾಕಿದರೆ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಕಪಾಟೆಂದರೆ ದೂರದಲ್ಲೆಲ್ಲೋ ಇದ್ದ ಒಂದು ಕಂಪ್ಯೂಟರ್. ಅದರಲ್ಲಿ ಪ್ರತಿ ಪ್ರೋಗ್ರಾಮಿನ ಪಕ್ಕ ಅದನ್ನು ಪೋರ್ಟ್ ಮಾಡಿದವನ ಹೆಸರು ಇರುತ್ತಿತ್ತು. ಅಲ್ಲಿ ನನ್ನ ಹೆಸರೂ ಬರಬೇಕು, ನನಗಿದ್ದದ್ದು ಅದೊಂದೇ ಹಟ.

ನಾನು ಹಿಡಿದದ್ದು ಗ್ರಾಫ್ ಬರೆಯುವ ಪ್ರೋಗ್ರಾಮ್. ನಮ್ಮ ಕಡೆ ಮಳೆಯ ಅಳತೆ ಇಡದ ಎಸ್ಟೇಟೇ ಇಲ್ಲ. ಆ ಇಂಚುಗಳನ್ನು ಚಿತ್ರ ಮಾಡಿ ಆಫೀಸಿನ ಗೋಡೆಗೆ ಹಾಕಬೇಕೆಂಬ ಆಸೆ ನಾನು ಕಂಪ್ಯೂಟರ್ ಕಲಿತ ಎಸ್ಟೇಟಿನ ಸಾಹುಕಾರರಿಗಿತ್ತು. ಅಂಗಡಿ ಕೆಲಸದ ನಡುವೆ ಒಂದು ಮಳೆಗಾಲ ಪೂರ್ತಿ ಕೂತು ಅದನ್ನು ತಿದ್ದಿದೆ. ಕಳಿಸುವ ದಿನ ಲೈನ್ ಮೂರು ಸಲ ಕಡಿದುಹೋಯಿತು. ಫೋನಿಗಾಗಿ ಕಾಯುತ್ತಿದ್ದ ಲಾರಿ ಡ್ರೈವರ್ ಬೆಂಚಿನಿಂದ ಎದ್ದ.

“ಎಂತ ಮಾರಾಯ, ಬೂತಿಟ್ಟಿದ್ದು ನಮಗಾ, ನಿನ್ನ ಪೆಟ್ಟಿಗೆಗಾ? ಘಾಟಿ ಇಳಿದು ಕೆಳಗೇ ಫೋನ್ ಮಾಡ್ಕೊಳ್ತೀನಿ ಬಿಡು.”

ಗಲ್ಲಾದಲ್ಲಿ ಕೂತಿದ್ದ ನನ್ನ ಹೆಂಡತಿ, “ಇಳೀರಿ ಅಣ್ಣ, ಇವ್ರ ಫೈಲೂ ಅಷ್ಟೊತ್ತಿಗೇ ಹೋಗಿ ಮುಟ್ಟೋದು” ಎಂದಳು.

ಫೈಲ್ ಮುಟ್ಟಿತು. ಆದರೆ ಕಪಾಟು ನೋಡಿಕೊಳ್ಳುತ್ತಿದ್ದವನಿಂದ ಉತ್ತರ ಬಂತು: ಪ್ರೋಗ್ರಾಮ್ ಓಡುತ್ತದೆ, ಜೊತೆಗಿರಬೇಕಾದ ಟಿಪ್ಪಣಿ ಇಲ್ಲ. ಏನೇನು ಬದಲಿಸಿದ್ದೀಯ ಎಂದು ಬರೆಯದೆ ಇಲ್ಲಿ ಯಾವುದನ್ನೂ ಇಡುವುದಿಲ್ಲ. ಇಂಗ್ಲಿಷನ್ನು ಹೇಗೋ ಓದಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಬರೆಯುವುದು ನನ್ನಿಂದಾಗದ ಮಾತು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನನ್ನ ಗೆಳೆಯ. ವಿಷಯ ಕೇಳಿ ನಕ್ಕ.

“ಬಾಯಲ್ಲಿ ಹೇಳು, ಚಂದ ಮಾಡಿ ಬರ್ದು ಕೊಡ್ತೀನಿ.”

“ಬೇಡ. ನೀನು ಬರ್ದ್ರೆ ಅದಕ್ಕೆ ನನ್ನ ಹೆಸರು ಹೆಂಗೆ ಹಾಕ್ಲಿ?”

“ಅಬ್ಬಾ ನಿನ್ನ ಗತ್ತೇ! ಹಂಗಾದ್ರೆ ನಿಂಗೆ ಬರೋ ಇಂಗ್ಲಿಷಲ್ಲೇ ಬರಿ ಮಾರಾಯ.”

ನನಗೆ ಬರೆಯಲು ಬರುತ್ತಿದ್ದ ಇಂಗ್ಲಿಷ್ ಒಂದೇ ಬಗೆಯದು. ನಾನು ಹುಡುಗನಾಗಿದ್ದಾಗ ನಮ್ಮಪ್ಪ ಎಸ್ಟೇಟಿನಲ್ಲಿ ಆಳುಗಳ ಮೇಲಿನ ಮೇಸ್ತ್ರಿ. ದಿನದ ಕೆಲಸದ ರಿಪೋರ್ಟ್ ಸಂಜೆ ಆಫೀಸಿಗೆ ಹೋಗಬೇಕು. ಅಪ್ಪನಿಗೆ ಅಕ್ಷರ ಬರದು, ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಯಾವ ಫೀಲ್ಡು, ಅಂದರೆ ತೋಟದ ಯಾವ ಭಾಗ, ವರ್ಕ್ ಡನ್ ಎಷ್ಟು, ಬ್ಯಾಲೆನ್ಸ್, ಅಂದರೆ ಉಳಿದ ಕೆಲಸ, ಎಷ್ಟು. ಇಷ್ಟೇ. ಬ್ಯಾಲೆನ್ಸ್ ಬರೆಯದ ರಿಪೋರ್ಟನ್ನು ಆಫೀಸಿನವರು ತೆಗೆದುಕೊಳ್ಳುತ್ತಲೇ ಇರಲಿಲ್ಲ, ಯಾಕೆಂದರೆ ಮರುದಿನ ಆಳು ಹಾಕುವುದು ಅದನ್ನು ನೋಡಿಯೇ.

ಹಾಗೆಯೇ ಬರೆದೆ. ಫೀಲ್ಡ್, ಸ್ಕ್ರೀನ್. ವರ್ಕ್ ಡನ್, ಫುಲ್. ಬ್ಯಾಲೆನ್ಸ್, ನಿಲ್. ಪ್ರಿಂಟರಿಗೆ ಬಂದಾಗ ಕೈ ನಿಂತಿತು. ಎಸ್ಟೇಟ್ ಆಫೀಸಿನ ಪ್ರಿಂಟರಿನಲ್ಲಿ ತೆಗೆದ ಕಾಗದದ ಮೇಲೆ ಗೆರೆಗಳು ಗಾಳಿಗೆ ಸಿಕ್ಕ ಕಾಫಿ ತೋಟದ ಸಿಲ್ವರ್ ಮರಗಳಂತೆ ಒಂದೇ ಕಡೆ ವಾಲುತ್ತಿದ್ದವು, ಅದು ನನಗೆ ಬಗೆಹರಿದಿರಲಿಲ್ಲ. ಗುಂಪಿನಲ್ಲಿ ಉಳಿದವರು ತಮ್ಮಿಂದ ಆಗದ್ದನ್ನು ಬರೆದದ್ದು ನಾನು ಕಂಡಿರಲಿಲ್ಲ. ಆದರೂ ರಿಪೋರ್ಟ್ ಅಂದಮೇಲೆ ರಿಪೋರ್ಟ್. ಫೀಲ್ಡ್, ಪ್ರಿಂಟರ್. ವರ್ಕ್ ಡನ್, ಹಾಫ್. ಬ್ಯಾಲೆನ್ಸ್, ಲೈನ್ ನಾಟ್ ಸ್ಟ್ರೇಟ್.

ಪ್ರೋಗ್ರಾಮು ಕಪಾಟಿಗೆ ಬಂತು, ಪಕ್ಕದಲ್ಲಿ ನನ್ನ ಹೆಸರು. ಆ ಖುಷಿ ಒಂದು ವಾರವೂ ಉಳಿಯಲಿಲ್ಲ. ಹಿಮ ಬೀಳುವ ಯಾವುದೋ ದೇಶದವನೊಬ್ಬ ಪತ್ರ ಕಳಿಸಿದ: ನನ್ನ ಪ್ರಿಂಟರಿನಲ್ಲೂ ಗೆರೆ ಹಾಗೇ ವಾಲುತ್ತಿತ್ತು, ಬ್ಯಾಲೆನ್ಸ್ ಕೆಲಸ ಮುಗಿಸಿದ್ದೇನೆ, ಇಗೋ. ಗುಂಪಿನ ಪದ್ಧತಿಯಲ್ಲಿ ಹೊಸ ಪ್ರತಿಯನ್ನು ಯಾರು ಕಪಾಟಿಗೆ ಹಾಕುತ್ತಾರೋ ಅವರ ಹೆಸರೇ ಅಲ್ಲಿ ನಿಲ್ಲುವುದು. ನನಗೆ ಮೈ ಉರಿಯಿತು.

“ನನ್ನ ಕೆಲ್ಸಕ್ಕೆ ಕೈ ಹಾಕೋಕೆ ಇವನ್ಯಾರು?”

ಹೆಂಡತಿ ಚಿಲ್ಲರೆ ಜೋಡಿಸುತ್ತಿದ್ದಳು. “ಬ್ಯಾಲೆನ್ಸ್ ಇದೆ ಅಂತ ಬರ್ದಿದ್ದು ಯಾರು?”

“ನಾನೇ.”

“ಆಳು ಬೇಕು ಅಂತ ನೀವೇ ಹೇಳಿ ಕಳ್ಸಿ, ಬಂದವ್ರನ್ನ ಗೇಟಲ್ಲಿ ನಿಲ್ಸಿ ಬೈತೀರಾ? ಅವ್ನು ಹೆಸರು ಹಾಕ್ಕೊಳ್ಳೋನಾಗಿದ್ರೆ ನಿಮಗ್ಯಾಕೆ ಕಳಿಸ್ತಿದ್ದ?”

ಅದು ನಿಜ. ಅವನು ಕಪಾಟಿಗೆ ನೇರವಾಗಿ ಹಾಕಬಹುದಿತ್ತು, ಹಾಕಿರಲಿಲ್ಲ. ಅವನು ತಿದ್ದಿದ್ದನ್ನು ಸಾಲು ಸಾಲಾಗಿ ಓದಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಆಫೀಸಿಗೆ ಹೋಗಿ ಮಳೆಯ ಲೆಕ್ಕ ಹಾಕಿ ಪ್ರಿಂಟ್ ಕೊಟ್ಟೆ. ಕರಕರ ಎನ್ನುತ್ತ ಕಾಗದ ಹೊರಬಂತು. ಜುಲೈ ತಿಂಗಳ ಗೆರೆ ನೆಟ್ಟಗೆ ನಿಂತಿತ್ತು. ರೈಟರ್ ಅದನ್ನು ಕಿತ್ತುಕೊಂಡು ಸಾಹುಕಾರರ ಕೋಣೆಗೆ ಓಡಿದ.

ಹೊಸ ಪ್ರತಿಯನ್ನು ಕಪಾಟಿಗೆ ನಾನೇ ಹಾಕಿದೆ. ಪೋರ್ಟ್ ಮಾಡಿದವನ ಜಾಗದಲ್ಲಿ ನನ್ನ ಹೆಸರನ್ನೇ ಉಳಿಸಿಕೊಂಡೆ, ಮಳೆಗಾಲವಿಡೀ ಕೂತವನು ನಾನು. ಪ್ರಿಂಟರ್ ಫೀಲ್ಡಿನಲ್ಲಿ ಮಾತ್ರ ಹಾಫ್ ಎಂಬುದನ್ನು ತೆಗೆದು, ವರ್ಕ್ ಡನ್ ಎಂಬಲ್ಲಿ ಅವನ ಹೆಸರು ಬರೆದೆ. ಬ್ಯಾಲೆನ್ಸ್ ಎಂಬಲ್ಲಿ ನಿಲ್ ಎಂದು ಬರೆಯಬಹುದಿತ್ತು. ಆದರೆ ಕಲರ್ ಪ್ರಿಂಟರಿನಲ್ಲಿ ಪ್ರೋಗ್ರಾಮ್ ಇನ್ನೂ ಓಡುತ್ತಿರಲಿಲ್ಲ. ಅದನ್ನೇ ಬ್ಯಾಲೆನ್ಸ್ ಎಂದು ಬರೆದು ಕಳಿಸಿ, ಮುಂದಿನ ಗಿರಾಕಿಗೆ ಫೋನ್ ಬಿಟ್ಟುಕೊಟ್ಟೆ.